ವಂಶಾವಳಿಯಲ್ಲಿ ಕಾಣದ ಹೆಸರು

ಸಂಸಾರಸ್ಥರ ಮನೆಯಲ್ಲಿ ಕಾದಂಬರಿಗೆ ಸ್ಥಾನವಿದೆಯೇ ಎಂಬ ಪ್ರಶ್ನೆಯು ನಮ್ಮ ಅಜ್ಜಂದಿರ ಕಾಲದ್ದು. ಅದು ಇನ್ನೂ ತೀರಿಲ್ಲವೆಂಬುದು ನಮಗೆ ಬರುವ ಕಾಗದಗಳಿಂದ ತಿಳಿದುಬರುತ್ತದೆ. ಪುರಾಣವನ್ನು ಓದಿದರೆ ಪುಣ್ಯ, ಪಠ್ಯವನ್ನು ಓದಿದರೆ ನೌಕರಿ, ಕಾದಂಬರಿಯನ್ನು ಓದಿದರೆ ಏನು? ಈ ಸಂದೇಹವು ವಿಶೇಷವಾಗಿ ಮನೆಯ ಹೆಣ್ಣುಮಕ್ಕಳ ಕೈಯಲ್ಲಿ ಆ ಪುಸ್ತಕವು ಕಂಡಾಗಲೇ ಏಳುವದು. ಆದುದರಿಂದ ಮೊದಲು ಹೆಸರಿನ ಮಾತನ್ನೇ ಆಡೋಣ.

ಹಿಂದಿಯವರೂ ವಂಗೀಯರೂ 'ಉಪನ್ಯಾಸ'ವೆಂದು ಕರೆಯುವ ಸಾಹಿತ್ಯಪ್ರಕಾರವನ್ನು ಕನ್ನಡಿಗರೂ ಮರಾಠಿಗರೂ 'ಕಾದಂಬರಿ' ಎನ್ನುವರು. ಅದು ಏಳನೆಯ ಶತಮಾನದ ಬಾಣಭಟ್ಟನ ಗದ್ಯಕಥೆಯ ನಾಯಿಕೆಯ ಹೆಸರು. ಒಂದು ಇಡೀ ಸಾಹಿತ್ಯಪ್ರಕಾರಕ್ಕೆ ಹೆಣ್ಣುಮಗಳೊಬ್ಬಳ ಹೆಸರನ್ನಿಟ್ಟ ನಾವು, ಅಂತಹ ಪುಸ್ತಕವನ್ನು ಹೆಣ್ಣುಮಗಳು ಹಿಡಿದು ಕುಳಿತಾಗ ಹುಬ್ಬು ಗಂಟಿಕ್ಕುವದು ತುಸು ವಿನೋದದ ಸಂಗತಿಯೇ ಸರಿ. ಬಾಣನು ಆ ಕಥೆಯನ್ನು ಮುಗಿಸದೆ ತೀರಿಕೊಂಡನು. ಅವನ ಮಗನು ಅದನ್ನು ಪೂರ್ಣಗೊಳಿಸಿದನು. ತಂದೆಯು ಬಿಟ್ಟ ಕಥೆಯನ್ನು ಮಕ್ಕಳು ಮುಂದುವರಿಸುವ ಈ ಸಂಗತಿಯನ್ನು ವಾಚಕರು ನೆನಪಿನಲ್ಲಿಟ್ಟುಕೊಂಡಿರಲಿ. ಇಂಡಿ ತಾಲೂಕಿನ ಮಾತು ಬಂದಾಗ ಬೇಕಾಗುವದು.

ಅಲಂಕಾರಶಾಸ್ತ್ರವನ್ನು ಓದಿದವರು ಮಮ್ಮಟನ ಒಂದು ವಿಚಾರವನ್ನು ಬಲ್ಲರು. ಉಪದೇಶವು ಮೂರು ಬಗೆಯದು. ವೇದವು ಪ್ರಭುವಿನಂತೆ ಆಜ್ಞಾಪಿಸುವದು. ಪುರಾಣವು ಗೆಳೆಯನಂತೆ ತಿಳಿಯಹೇಳುವದು. ಕಾವ್ಯವು ಕಾಂತೆಯಂತೆ ಒಲಿಸಿಕೊಂಡು ಒಪ್ಪಿಸುವದು. ಈ 'ಕಾಂತಾಸಮ್ಮಿತ'ವನ್ನು ನಾವು ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವರು. ಉಪಮೆಯು ಸೊಗಸಾದುದು. ಆದರೆ ಆ ಉಪಮೆಯೊಳಗೆ ಒಂದು ಮನೆಯಿದೆ, ಆ ಮನೆಯಲ್ಲಿ ಅಧಿಕಾರದ ಒಂದು ಕಟ್ಟಳೆಯಿದೆ. ಹೆಂಡತಿಯು ಅರಸನಂತೆ ಆಜ್ಞೆ ಮಾಡಲಾರಳು. ಗೆಳೆಯನಂತೆ ಸರಿಸಮನಾಗಿ ಕುಳಿತು ವಾದಿಸಲೂ ಆರಳು. ಆದುದರಿಂದಲೇ ಅವಳು ಒಲಿಸಿಕೊಳ್ಳಬೇಕಾಗಿದೆ. ಹಾಗಾದರೆ ಆ ಕಾಂತೆಯೇ ಲೇಖನಿಯನ್ನು ಹಿಡಿದು, ಯಾರನ್ನೂ ಒಲಿಸುವ ಉದ್ದೇಶವಿಲ್ಲದೆ, ಮನೆಯೊಳಗೆ ಇದ್ದುದನ್ನು ಇದ್ದಂತೆ ಹೇಳಹೊರಟರೆ ಏನಾದೀತು? ಕಾದಂಬರಿಯ ಚರಿತ್ರೆಯಲ್ಲಿ ನಮಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವ ಪ್ರಶ್ನೆಯಿದು.

ಇದರೊಡನೆ ಭಾಷೆಯ ಮಾತೂ ಇದೆ. ಸಂಸ್ಕೃತ ನಾಟಕಗಳಲ್ಲಿ ಅರಸನೂ ಮಂತ್ರಿಯೂ ಋಷಿಯೂ ಸಂಸ್ಕೃತವನ್ನಾಡುವರು. ರಾಣಿ, ಸಖಿ, ದಾಸಿಯರು ಪ್ರಾಕೃತವನ್ನಾಡುವರು. ಋಷ್ಯಾಶ್ರಮದಲ್ಲಿಯೇ ಬೆಳೆದ ಶಕುಂತಲೆಗೂ ಸಂಸ್ಕೃತವಿಲ್ಲ. ದುಷ್ಯಂತನ ಆಸ್ಥಾನದಲ್ಲಿ ನಿಂತು ನ್ಯಾಯವನ್ನು ಬೇಡುವಾಗಲೂ ಕೇಳುವವಳದು ಒಂದು ಭಾಷೆ, ತೀರ್ಪು ಕೊಡುವವನದು ಮತ್ತೊಂದು. 'ಮಾಲವಿಕಾಗ್ನಿಮಿತ್ರ'ದ ಪರಿವ್ರಾಜಿಕೆಗೆ ಸಂಸ್ಕೃತವು ಸಲ್ಲುವದು. ಅವಳು ಮನೆಯನ್ನು ಬಿಟ್ಟವಳು.

ಕನ್ನಡದ ಮೊದಮೊದಲಿನ ಸಾಮಾಜಿಕ ಕಾದಂಬರಿಗಳೂ ಹೆಣ್ಣಿನ ಹೆಸರನ್ನೇ ಹೊತ್ತು ಬಂದವು. 1899ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಗುಲ್ವಾಡಿ ವೆಂಕಟರಾಯರ 'ಇಂದಿರಾಬಾಯಿ', 1905ರ ಬೋಳಾರ ಬಾಬುರಾಯರ 'ವಾಗ್ದೇವಿ', ಅಂದಿನ ನಮ್ಮ ಬಿಜಾಪುರ ಜಿಲ್ಲೆಯ ಬಾಗಲಕೋಟೆಯ ವಕೀಲರಾದ ಕೆರೂರ ವಾಸುದೇವಾಚಾರ್ಯರ 'ಇಂದಿರೆ' (1908). ಇಂದಿರಾಬಾಯಿಯು ಬಾಲವಿಧವೆ, ಹೆತ್ತವರ ಮನೆಯಲ್ಲಿ ನೆರೆಯುವ ಡಾಂಭಿಕ ಭಕ್ತರ ಕಾಟವನ್ನು ತಾಳಲಾರದೆ ಮನೆಯನ್ನು ಬಿಟ್ಟು ಓಡುವಳು, ವಿದ್ಯೆಯನ್ನು ಕಲಿಯುವಳು, ಮರುಮದುವೆಯಾಗುವಳು. ವಾಗ್ದೇವಿಯಾದರೋ ಮಠಾಧಿಪತಿಯ ಒಲವನ್ನು ಹಿಡಿದು ಮಠದ ವ್ಯವಹಾರದಲ್ಲಿ ಕೈಯಾಡಿಸುವವಳು. ಮೊದಲನೆಯವಳಿಗೆ ಗ್ರಂಥಕರ್ತರು ಹಕ್ಕನ್ನು ಕೊಟ್ಟಿರುವರು. ಎರಡನೆಯವಳಿಗೆ ಹಕ್ಕಿಲ್ಲ, ಅಧಿಕಾರ ಮಾತ್ರವಿದೆ. ಹಕ್ಕಿಲ್ಲದೆ ಅಧಿಕಾರವನ್ನು ಗಳಿಸಿದ ಹೆಂಗಸು ಕುಟಿಲೆಯಾಗಿಯೇ ಕಾಣುವಳು. ಬೇರೆ ದಾರಿ ಅವಳಿಗಿತ್ತೇ ಎಂದು ಕೇಳುವವರು ಕಡಿಮೆ. ಕೂಡು ಕುಟುಂಬದ ಅಡುಗೆಮನೆಯಲ್ಲಿ ಇಂತಹ ಸಣ್ಣ ಸಣ್ಣ ವಾಗ್ದೇವಿಯರನ್ನು ನಾವೆಲ್ಲರೂ ಕಂಡಿದ್ದೇವೆ, ಅವರನ್ನು ಹಳಿದೂ ಇದ್ದೇವೆ.

ಈ ಮೂವರು ಗ್ರಂಥಕರ್ತರೂ ಪುರುಷರು. ನಂಜನಗೂಡಿನ ತಿರುಮಲಾಂಬೆಯವರು 1913ರಲ್ಲಿ 'ಸುಶೀಲೆ'ಯನ್ನು ಹೊರತಂದಾಗ ಕನ್ನಡ ಕಾದಂಬರಿಗೆ ಹೆಣ್ಣಿನ ಕೈಬರಹವೂ ಬಂದಿತು. ಸ್ವತಃ ಬಾಲವಿಧವೆಯಾಗಿದ್ದ ಅವರು ಗ್ರಂಥಮಾಲೆಯನ್ನೂ ಮಾಸಪತ್ರಿಕೆಯನ್ನೂ ನಡೆಸಿದರು; 1982ರ ವರೆಗೆ ಬದುಕಿದ್ದರು. ಸಾಹಿತ್ಯಚರಿತ್ರೆಯನ್ನು ಬರೆಯುವವರಿಗೆ ಅವರ ನೆನಪು ಬಹಳ ತಡವಾಗಿ ಬಂದಿತೆಂದಷ್ಟೇ ಹೇಳಿ ಮುಂದೆ ಸಾಗುವೆವು.

ಇನ್ನು ನಮ್ಮ ಸೀಮೆ. ಭೀಮಾ ನದಿಯ ದಂಡೆಯ ಮೇಲೆ, ಇಂಡಿ ತಾಲೂಕಿನಲ್ಲಿ, ಅಗರಖೇಡವೆಂಬ ಊರಿದೆ. 1904ರಲ್ಲಿ ಅಲ್ಲಿ ಹುಟ್ಟಿದ ಆದ್ಯ ರಂಗಾಚಾರ್ಯರು 'ಶ್ರೀರಂಗ'ರೆಂದು ಪ್ರಸಿದ್ಧರಾದರು. ಲಂಡನ್ನಿನಲ್ಲಿ ಓದಿ ಬಂದು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸಿದರು. ನಾಟ್ಯಶಾಸ್ತ್ರವನ್ನು ಇಂಗ್ಲಿಷಿಗೆ ತಂದರು. 1956ರಲ್ಲಿ ರಾಯಚೂರಿನ ಸಾಹಿತ್ಯ ಸಮ್ಮೇಲನಕ್ಕೆ ಅಧ್ಯಕ್ಷರಾದರು. 'ಕಾಳಿದಾಸ'ವೆಂಬ ವಿಮರ್ಶಾಗ್ರಂಥಕ್ಕಾಗಿ 1971ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು. ಹರಿಜನರ ಪ್ರಶ್ನೆಯನ್ನು ಹಿಡಿದು 'ಹರಿಜನ್ವಾರ'ದಂತಹ ನಾಟಕವನ್ನು ಬರೆದ ಈ ಬ್ರಾಹ್ಮಣ ಪಂಡಿತರಿಗೆ ತಮ್ಮವರಿಂದ ಬಂದ ಬಿರುನುಡಿಗಳು ಕಡಿಮೆಯಿರಲಾರವು. 'ವಿಶ್ವಾಮಿತ್ರನ ಸೃಷ್ಟಿ' ಮೊದಲಾದ ಕಾದಂಬರಿಗಳನ್ನು ಅವರು ಬರೆದಿದ್ದರೂ ಜನರು ಅವರನ್ನು ನಾಟಕಕಾರರೆಂದೇ ನೆನೆಯುವರು.

ಕಾದಂಬರಿಯ ಕೆಲಸವನ್ನು ಮುಂದುವರಿಸಿದವರು ಅವರ ಮಗಳು. 1938ರಲ್ಲಿ ಧಾರವಾಡದಲ್ಲಿ ಹುಟ್ಟಿದ ಶಶಿ ದೇಶಪಾಂಡೆಯವರು ಬರೆದದ್ದು ಇಂಗ್ಲಿಷಿನಲ್ಲಿ. ಸಂಸ್ಕೃತ ಪಂಡಿತನ ಮಗಳು ಸಂಸ್ಕೃತವನ್ನೂ ಅಲ್ಲ, ಕನ್ನಡವನ್ನೂ ಅಲ್ಲ, ಮೂರನೆಯದೊಂದು ಭಾಷೆಯನ್ನು ಹಿಡಿದಳೆಂದು ಕೆಲವರು ಆಕ್ಷೇಪಿಸುವರು. ಶಕುಂತಲೆಗೆ ಯಾವ ಭಾಷೆಯನ್ನು ಬಿಟ್ಟಿದ್ದೆವೆಂಬುದನ್ನು ನೆನೆದರೆ ಈ ಆಕ್ಷೇಪವು ತುಸು ಮೆತ್ತಗಾಗುವದು. ಭಾಷೆ ಇಂಗ್ಲಿಷಾದರೂ ಒಳಗಿನ ಮನೆಗಳು ನಮ್ಮವೇ: ಅಜ್ಜಿಯಿರುವ ಮನೆ, ಕಾಕಾ ಕಾಕಿಯರಿರುವ ಮನೆ, ವಿಧವೆ ಅತ್ತೆಯೊಬ್ಬಳು ಮೂಲೆಯಲ್ಲಿರುವ ಮನೆ. ಅವರ 'ದ್ಯಾಟ್ ಲಾಂಗ್ ಸೈಲೆನ್ಸ್' ಎಂಬ ಕಾದಂಬರಿಯು 1988ರಲ್ಲಿ ಹೊರಬಿದ್ದಿತು. 1990ರಲ್ಲಿ ಅದಕ್ಕೆ, ತಂದೆಗೆ ದೊರೆತ ಪ್ರಶಸ್ತಿಯೇ ದೊರೆಯಿತು. ಹೆಸರಿನ ಅರ್ಥ 'ಆ ದೀರ್ಘ ಮೌನ'ವೆಂದು. ಇಂಗ್ಲಿಷನ್ನು ಓದಬಲ್ಲ ಗೃಹಸ್ಥರು ಇದನ್ನು ತಪ್ಪದೆ ಓದತಕ್ಕದ್ದು. ಓದಲಾರದವರಿಗಾಗಿ ನಾವು ತುಸು ವಿಸ್ತಾರವಾಗಿ ಹೇಳುವೆವು.

ಕಥೆಯ ನಾಯಿಕೆಯಾದ ಜಯಾ ಎಂಬವಳಿಗೆ ಆ ಹೆಸರನ್ನಿಟ್ಟವನು ತಂದೆ. ಮಗಳು ಗೆಲ್ಲಲಿ ಎಂಬುದು ಅವನ ಆಸೆ. ಮದುವೆಯ ದಿನ ಗಂಡ ಮೋಹನನು ಅವಳಿಗೆ ಸುಹಾಸಿನಿಯೆಂದು ಹೊಸ ಹೆಸರನ್ನಿಡುವನು. ಸುಹಾಸಿನಿಯೆಂದರೆ ಚೆನ್ನಾಗಿ ನಗುವವಳು, ಮನೆಯನ್ನು ನಗುಮೊಗದಿಂದ ನಡೆಸುವವಳು. ನಮ್ಮ ಸೀಮೆಯ ಬ್ರಾಹ್ಮಣರ ಮನೆಗಳಲ್ಲಿ ಹರಿವಾಣದಲ್ಲಿ ಅಕ್ಕಿಯನ್ನು ಹರವಿ, ಉಂಗುರದಿಂದ ಸೊಸೆಯ ಹೊಸ ಹೆಸರನ್ನು ಬರೆಯಿಸುವ ವಾಡಿಕೆಯನ್ನು ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ಮದುವೆಯಲ್ಲಿ ಗಂಡನ ಹೆಸರನ್ನು ಬಾಯಿಬಿಟ್ಟು ಹೇಳಲಾಗದ ಹುಡುಗಿಯು ಅದನ್ನು ಒಡಪಿನಲ್ಲಿ ಅಡಗಿಸಿ ಹೇಳುವಳು, ನೆರೆದವರೆಲ್ಲ ನಗುವರು. ಅವನ ಹೆಸರನ್ನು ಅವಳು ಉಚ್ಚರಿಸಲೂ ಕೂಡದು. ಅವಳ ಹೆಸರನ್ನು ಅವನು ಅಳಿಸಿ ಬೇರೆ ಬರೆಯಬಹುದು. ನೂರಾರು ಮದುವೆಗಳಲ್ಲಿ ಉಂಡು ಬಂದ ನಮಗೆ ಈ ಎರಡು ಆಚಾರಗಳು ಒಂದರ ಪಕ್ಕದಲ್ಲಿ ಒಂದಿರುವದು ಕಂಡದ್ದು ಆ ಕಾದಂಬರಿಯನ್ನು ಓದಿದಾಗ.

ಜಯಾ ಕಥೆಗಾರ್ತಿ. ಅವಳ ಕಥೆಯೊಂದಕ್ಕೆ ಬಹುಮಾನ ಬಂದಿತು. ಅದರಲ್ಲಿಯ ಗಂಡನನ್ನು ಜನರು ತಾನೇ ಎಂದು ತಿಳಿದಾರೆಂದು ಮೋಹನನು ನೊಂದುಕೊಂಡನು. ಅವನು ಬೈಯಲಿಲ್ಲ, ಹೊಡೆಯಲಿಲ್ಲ. ನೊಂದುಕೊಂಡನು, ಅಷ್ಟೇ. ಅವಳು ಅಂತಹ ಕಥೆಗಳನ್ನು ನಿಲ್ಲಿಸಿ, ಪತ್ರಿಕೆಗೆ 'ಸೀತಾ' ಎಂಬ ಪೆದ್ದ ಗೃಹಿಣಿಯ ನಗೆಬರಹಗಳನ್ನು ಬರೆಯತೊಡಗಿದಳು. ಓದುಗರಿಗೆ ಸಂತೋಷ, ಸಂಪಾದಕರಿಗೆ ಸಂತೋಷ, ಗಂಡನಿಗೆ ಎಲ್ಲರಿಗಿಂತ ಹೆಚ್ಚು ಸಂತೋಷ. (ಗೃಹಪತ್ರಿಕೆಗಳಲ್ಲಿ ಅಂಕಣ ಬರೆಯುವ ನಮ್ಮಂಥವರು ಈ ಭಾಗವನ್ನು ಎರಡು ಸಲ ಓದುವದು ಒಳ್ಳೆಯದು.) ಸೊಸೆಯನ್ನು ಹೊಡೆಯುವ ಮನೆಯನ್ನು ಊರೇ ಗುರುತಿಸಬಲ್ಲದು. ಹೊಡೆಯದ, ಬೈಯದ, ಊರೆಲ್ಲ ಸಭ್ಯನೆನ್ನುವ ಮನುಷ್ಯನ ಮುಖವು ಬಾಡಿದರೆ ಸಾಕು, ಒಬ್ಬಳ ಲೇಖನಿ ನಿಲ್ಲುವದೆಂಬ ಸೂಕ್ಷ್ಮವನ್ನು ಯಾವ ಸ್ಮೃತಿಕಾರನೂ ಬರೆದಿಲ್ಲ, ಯಾವ ಕಾಯ್ದೆಯೂ ಹಿಡಿಯಲಾರದು.

ಗುಬ್ಬಕ್ಕ ಕಾಗಕ್ಕರ ಕಥೆಯನ್ನು ನಮ್ಮ ಮನೆಗಳಲ್ಲಿ ಕೇಳದ ಕೂಸಿಲ್ಲ. ಜಯಾಳಿಗೂ ಅದು ನೆನಪಾಗುವದು. ಮಳೆಯಲ್ಲಿ ಮನೆಯು ಕೊಚ್ಚಿಹೋದ ಕಾಗೆಯು ಬಂದು ಬಾಗಿಲನ್ನು ಬಡಿದರೆ ಗುಬ್ಬಿಯು, ಕೂಸಿಗೆ ಎರೆಯುತ್ತಿದ್ದೇನೆ, ಉಣಿಸುತ್ತಿದ್ದೇನೆ ಎಂದು ಕಾಯಿಸುವದು. ಕಡೆಗೆ ಒಳಗೆ ಕರೆದು ಕಾದ ಹಂಚಿನ ಮೇಲೆ ಕೂಡಿಸುವದು. ಕಾಗೆಯು ಸುಟ್ಟು ಸತ್ತಿತು, ಮಕ್ಕಳು ಚಪ್ಪಾಳೆ ಹೊಡೆದವು. ಜಯಾ ಈ ಕಥೆಯಲ್ಲಿ ಬೇರೊಂದು ಪಾಠವನ್ನು ಕಾಣುವಳು: ಬಾಗಿಲನ್ನು ಮುಚ್ಚಿಕೊ, ನಿನ್ನ ಮಕ್ಕಳನ್ನು ನೋಡಿಕೊ, ಹೊರಗಿನವರು ಹಾಳಾದರೆ ನಿನಗೇನು ಎಂಬ ಪಾಠ. ಮೂರು ವರ್ಷದ ಹುಡುಗಿಗೆ ನಾವು ತೊಡೆಯ ಮೇಲೆ ಕೂಡಿಸಿಕೊಂಡು ಕಲಿಸಿದ ಸಮಾಜಶಾಸ್ತ್ರವಿದು.

ಆದರೆ ನಮ್ಮನ್ನು ಹೆಚ್ಚಾಗಿ ತಡೆದು ನಿಲ್ಲಿಸಿದ ಪ್ರಸಂಗವು ಇನ್ನೊಂದು. ಜಯಾಳ ಕಾಕಾ ಒಬ್ಬನು ಬಹಳ ಶ್ರಮಪಟ್ಟು ಮನೆತನದ ವಂಶವೃಕ್ಷವನ್ನು ತಯಾರಿಸಿರುವನು, ಹೆಮ್ಮೆಯಿಂದ ತೋರಿಸುವನು. ಜಯಾ ಹುಡುಕುವಳು, ಅವಳ ಹೆಸರಿಲ್ಲ. ಕೇಳಿದರೆ, ನೀನೀಗ ಗಂಡನ ಮನೆತನದವಳಲ್ಲವೇ ಎನ್ನುವನು. ಅದನ್ನಾದರೂ ಒಪ್ಪಬಹುದಿತ್ತು. ಹಾಗಾದರೆ ಈ ಮನೆಗೆ ಬಂದವರಾದರೂ ಇಲ್ಲಿರಬೇಕಲ್ಲ? ತಾಯಿಯ ಹೆಸರಿಲ್ಲ, ಕಾಕಿಯರ ಹೆಸರಿಲ್ಲ, ಆ ಮನೆತನವನ್ನು ಮುಷ್ಟಿಯಲ್ಲಿ ಹಿಡಿದು ನಡೆಸಿದ ಅಜ್ಜಿಯ ಹೆಸರೂ ಇಲ್ಲ. ಹುಟ್ಟಿದವಳು ಹೋಗುವವಳೆಂದು ಇಲ್ಲ, ಬಂದವಳು ಹೊರಗಿನವಳೆಂದು ಇಲ್ಲ.

ಇದು ಪುಸ್ತಕದ ಮಾತೆಂದು ವಾಚಕರು ತಿಳಿಯಬಾರದು. ನಮ್ಮ ನಾಲ್ಕೂ ತಾಲೂಕುಗಳಲ್ಲಿ, ತಂದೆಯು ತೀರಿಕೊಂಡು 'ಉತಾರ'ದಲ್ಲಿ ವಾರಸಾ ಆಗಬೇಕಾದರೆ ವಂಶಾವಳಿಯ ಹಾಳೆಯು ಬೇಕು. ಅದನ್ನು ಬರೆದುಕೊಡಿರೆಂದು ಜನರು ನಿವೃತ್ತ ಮಾಸ್ತರರ ಬಾಗಿಲಿಗೆ ಬರುವರು. ಬಾಗೇವಾಡಿ ತಾಲೂಕಿನ ಒಬ್ಬ ಒಕ್ಕಲುತನದ ಗೃಹಸ್ಥನು, ನಮ್ಮಲ್ಲಿ ಓದಿದವನೇ, ಹೀಗೆ ಬಂದು ಅಜ್ಜ, ತಂದೆ, ತಾನು, ತಮ್ಮ, ಇಬ್ಬರ ಗಂಡುಮಕ್ಕಳು ಎಂದು ಹೇಳುತ್ತ ಹೋದನು. ಅಕ್ಕತಂಗಿಯರಿಲ್ಲವೇ ಎಂದು ಕೇಳಿದೆವು.

"ಮೂವರು ಅದಾರ್ರಿ, ಗುರುಗಳ. ಅವರನ್ನ ಕೊಟ್ಟು ಭಾಳ ವರ್ಷ ಆತು. ಕೊಟ್ಟ ಮನೀಯವರಾದ್ರು. ಈ ಗಿಡದಾಗ ಅವರ ಹೆಸರು ಯಾಕ ಬೇಕ್ರಿ?"

ಅವನು ದುಷ್ಟನಲ್ಲ. ವರ್ಷವರ್ಷವೂ ಪಂಚಮಿಗೆ ಅಕ್ಕತಂಗಿಯರನ್ನು ಕರೆತರುವವನು, ಉಡಿ ತುಂಬಿ ಕಳಿಸುವವನು. ಜಯಾಳ ಕಾಕಾ ಆಡಿದ ಮಾತನ್ನೇ ಅವನೂ ಆಡಿದನು. ಆ ಕಾದಂಬರಿಯ ಹೆಸರನ್ನೂ ಕೇಳಿದವನಲ್ಲ. ನಾವು ಕಾಯ್ದೆಯನ್ನು ಹೇಳಿದೆವು: ಕರ್ನಾಟಕದಲ್ಲಿ 1994ರಿಂದಲೂ, ದೇಶಕ್ಕೆಲ್ಲ 2005ರ ತಿದ್ದುಪಡಿಯಿಂದಲೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳು ಮಗನ ಸರಿಸಮಾನ, 2005ರಲ್ಲಿ ತಂದೆಯು ಬದುಕಿದ್ದಿಲ್ಲವೆಂದ ಮಾತ್ರಕ್ಕೆ ಆ ಹಕ್ಕು ತಪ್ಪದೆಂದು ಸರ್ವೋಚ್ಚ ನ್ಯಾಯಾಲಯವು 2020ರಲ್ಲಿ ತೀರ್ಮಾನಿಸಿದೆ. ಮೂವರ ಹೆಸರನ್ನೂ ಬರೆದೆವು. ಅಕ್ಕ ನಾಗಮ್ಮನಿಗಿಲ್ಲದ ಜನಿವಾರವು ತನಗೇಕೆಂದು ಬಾಲಕ ಬಸವಣ್ಣನು ಕೇಳಿದನೆಂದು ಪರಂಪರೆಯು ಹೇಳುವ ಊರು ಅದೇ ಬಾಗೇವಾಡಿ. ಎಂಟು ಶತಮಾನಗಳ ಮೇಲೆಯೂ ಅಕ್ಕನ ಹೆಸರನ್ನು ಬರೆಯಲು ಮಾಸ್ತರನು ವಾದಿಸಬೇಕಾಯಿತು.

ಮುಂದಿನ ಸಂಗತಿಯನ್ನೂ ಹೇಳಬೇಕು. ಅಕ್ಕತಂಗಿಯರು ಮೂವರೂ ಬಂದು ಹಕ್ಕು ಬಿಟ್ಟುಕೊಡುವ ಪತ್ರಕ್ಕೆ ಸಹಿ ಹಾಕಿದರು. ಮುದ್ದೇಬಿಹಾಳದ ಕಡೆಗೆ ಕೊಟ್ಟ ಕಿರಿಯವಳು ಸಹಿಗೆ ಮೊದಲು ವಂಶಾವಳಿಯ ಹಾಳೆಯನ್ನು ಕೇಳಿ ತೆಗೆದುಕೊಂಡು, ಒಂದು ಹೆಸರಿನ ಮೇಲೆ ಬೆರಳಿಟ್ಟು, "ಇದ ಏನ್ರಿ ನಾನು?" ಎಂದಳು. ಹೌದೆಂದೆವು. ತುಸು ಹೊತ್ತು ನೋಡಿದಳು. ಆಮೇಲೆ ಸಹಿ ಮಾಡಿದಳು. ಪಂಚಮಿಯ ಕರೆಯು ನಿಂತೀತೆಂಬ ಅಂಜಿಕೆಯೋ, ಅಣ್ಣನ ಮೇಲಿನ ಅಕ್ಕರೆಯೋ, ಎರಡೂ ಬೆರೆತ ಇನ್ನೇನೋ, ಅವಳೇ ಬಲ್ಲಳು. ದಫ್ತರದಲ್ಲಿ ಉಳಿಯುವದು ಸಹಿ ಮಾತ್ರ. ಆ ಬೆರಳಿಗೂ ಆ ಸಹಿಗೂ ನಡುವೆ ಕಳೆದ ಗಳಿಗೆಯನ್ನು ಬರೆದಿಡುವ ಶಕ್ತಿಯು ಕಾದಂಬರಿಗೆ ಮಾತ್ರ ಇದೆ. ಪ್ರಯೋಜನವೇನೆಂದು ಕೇಳುವವರಿಗೆ ನಮ್ಮ ಉತ್ತರವು ಇಷ್ಟೇ.

ವಂಶವೃಕ್ಷವೆಂದೊಡನೆ ಭೈರಪ್ಪನವರ ಕಾದಂಬರಿಯು (1965) ವಾಚಕರಿಗೆ ನೆನಪಾಗಿರಬೇಕು. ವಂಶಶುದ್ಧಿಯನ್ನೇ ಬಾಳಿನ ಆಧಾರವಾಗಿ ನಂಬಿದ ಶ್ರೀನಿವಾಸ ಶ್ರೋತ್ರಿಯರಿಗೆ ತಮ್ಮ ಹುಟ್ಟಿನ ರಹಸ್ಯವೇ ತಿಳಿದುಬಂದು ನೆಲವು ಕುಸಿಯುವ ಭಾಗವು ಬಹಳ ಬಲವಾದುದು. ವೃಕ್ಷವೆಂಬ ಆ ಚಿತ್ರವೇ ಎಷ್ಟು ಹುಸಿಯೆಂಬುದನ್ನು ಅದು ತೋರಿಸುವದು. ಆದರೂ ಮರುಮದುವೆಯಾದ ಸೊಸೆ ಕಾತ್ಯಾಯನಿಗೆ ಗ್ರಂಥಕರ್ತರು ವಿಧಿಸಿದ ಕಷ್ಟಪರಂಪರೆಯು ಹೆಚ್ಚಾಯಿತೆಂದೇ ನಮ್ಮ ಅಭಿಪ್ರಾಯ. ಮಾವನಿಗೆ ಸತ್ಯವು ಕಾಣಬೇಕೆಂದು ಸೊಸೆಯ ಗರ್ಭಗಳು ಒಂದರ ಮೇಲೊಂದು ಇಳಿದುಹೋಗಬೇಕಾಗಿದ್ದಿಲ್ಲ.

ಮೌನದ ಮಾತಿಗೆ ತಿರುಗಿ ಬರೋಣ, ಏಕೆಂದರೆ ಮೌನವು ಒಂದೇ ಬಗೆಯದಲ್ಲ. ಶಶಿ ದೇಶಪಾಂಡೆಯವರ 'ಎ ಮ್ಯಾಟರ್ ಆಫ್ ಟೈಮ್' (1996) ಎಂಬ ಕಾದಂಬರಿಯಲ್ಲಿ ಶ್ರೀಪತಿ, ಕಲ್ಯಾಣಿಯೆಂಬ ವೃದ್ಧ ದಂಪತಿಗಳಿರುವರು. ರೇಲ್ವೆ ನಿಲ್ದಾಣದಲ್ಲಿ ಅವರ ಬುದ್ಧಿಮಾಂದ್ಯದ ಗಂಡುಕೂಸು ಕಳೆದುಹೋಯಿತು. ಅಂದಿನಿಂದ ಮೂವತ್ತಕ್ಕೂ ಹೆಚ್ಚು ವರ್ಷ ಗಂಡನು ಅದೇ ಮನೆಯಲ್ಲಿದ್ದು ಹೆಂಡತಿಯೊಡನೆ ಒಂದು ಮಾತನ್ನೂ ಆಡಿಲ್ಲ. ಜಯಾಳ ಮೌನವು ಬಾಯಿ ಕಟ್ಟಿದವಳ ಮೌನ. ಶ್ರೀಪತಿಯದು ದಂಡನೆಯ ಮೌನ. ಎರಡನ್ನೂ ಊರು 'ಶಾಂತ ಸ್ವಭಾವ'ವೆಂದೇ ಹೊಗಳುವದು. ನಮ್ಮ ಕಡೆ ಹೆಂಡತಿಯೊಡನೆ ವರ್ಷಗಟ್ಟಲೆ ಮಾತುಬಿಟ್ಟು, ಬೇಕಾದುದನ್ನು ಮಕ್ಕಳ ಕೈಯಲ್ಲಿ ಹೇಳಿಕಳಿಸುವ ಹಿರಿಯರು ಇಲ್ಲದ ಊರಿದೆಯೇ? ಅದಕ್ಕೂ ಮೊದಲಿನ 'ದ ಡಾರ್ಕ್ ಹೋಲ್ಡ್ಸ್ ನೋ ಟೆರರ್ಸ್' (1980) ಎಂಬುದರಲ್ಲಿ ನಾಯಿಕೆ ಸರು ವೈದ್ಯೆ, ಗಂಡ ಮನೋಹರನು ಸಾಮಾನ್ಯ ಅಧ್ಯಾಪಕ. ಮನೆಯ ಅನ್ನವೇ ಹೆಂಡತಿಯ ಗಳಿಕೆಯದಾಗಿರುವಾಗ ನಿಮಗೆ ಹೇಗೆನಿಸುತ್ತದೆಂದು ಸಂದರ್ಶನಕ್ಕೆ ಬಂದವಳೊಬ್ಬಳು ಕೇಳುವಳು. ಹಗಲು ನಗುವ ಆ ಮನುಷ್ಯನು ಅಂದಿನಿಂದ ರಾತ್ರಿ ಬೇರೆಯವನಾಗುವನು. ಹೆಚ್ಚು ಹೇಳಲು ಇದು ಸ್ಥಳವಲ್ಲ. ಹೆಣ್ಣುಮಕ್ಕಳನ್ನು ಓದಿಸಿ ನೌಕರಿಗೆ ಹಚ್ಚಿದ ನಾವು, ಅವರನ್ನು ಲಗ್ನವಾಗುವ ಗಂಡುಮಕ್ಕಳನ್ನು ಅದಕ್ಕೆ ತಕ್ಕಂತೆ ಬೆಳೆಸಿದೆವೇ ಎಂಬ ಪ್ರಶ್ನೆಯನ್ನು ಅದು ತಂದೆತಾಯಿಗಳ ಮುಂದಿಡುವದು.

ಈ ಕಾದಂಬರಿಗಳ ಮೇಲೆ ನಮ್ಮದೊಂದು ದೂರೂ ಇದೆ. ಇವು ಓದುಬರಹ ಬಲ್ಲವರ, ಹೊಟ್ಟೆ ತುಂಬಿದವರ ಮನೆಗಳು. 'ಮೌನ'ದ ಕಥೆಯಲ್ಲಿಯೇ ಜಯಾಳ ಮನೆಗೆ ಕೆಲಸಕ್ಕೆ ಬರುವ ಜೀಜಾ ಎಂಬವಳಿರುವಳು. ಮಕ್ಕಳಾಗಲಿಲ್ಲವೆಂದು ಗಂಡನು ಇನ್ನೊಬ್ಬಳನ್ನು ತಂದನು, ಕುಡಿದು ಸತ್ತನು. ಸವತಿಯ ಸಂತಾನವನ್ನು ಜೀಜಾ ದುಡಿದು ಸಾಕುವಳು. ಸಿಟ್ಟು ಮಾಡುವದಾದರೂ ಯಾರ ಮೇಲೆ ಎಂಬುದು ಅವಳ ನ್ಯಾಯ. ಅವಳ ಕಥೆಯು ಜಯಾಳ ಕಥೆಗಿಂತ ಕಡಿಮೆಯದಲ್ಲ; ಆದರೆ ಅದು ಅಂಚಿನಲ್ಲಿಯೇ ಉಳಿಯುವದು. ಸಿಂದಗಿಯ ನೆರೆಯ ಕಲಬುರ್ಗಿ ಸೀಮೆಯ ಗೀತಾ ನಾಗಭೂಷಣರು ಇಂತಹವರನ್ನು ಅಂಚಿನಿಂದ ನಡುಮನೆಗೆ ತಂದರು. ಗಿರಣಿಯ ಕೂಲಿಕಾರನ ಮಗಳಾಗಿ ಹುಟ್ಟಿ ಅಧ್ಯಾಪಿಕೆಯಾದ ಅವರ ಕಾದಂಬರಿಗಳಲ್ಲಿ ಕೂಲಿಯ ಹೆಂಗಸರು ನಮ್ಮ ಸೀಮೆಯ ಮಾತನ್ನೇ ಆಡುವರು, ಬೈದರೂ ಅತ್ತರೂ ಆ ಮಾತಿನಲ್ಲಿಯೇ. ಪ್ರಾಕೃತವೇ ಇಲ್ಲಿ ಇಡೀ ಕಾವ್ಯದ ಭಾಷೆಯಾಯಿತೆನ್ನಬಹುದು. 'ಬದುಕು' ಎಂಬ ಅವರ ಕೃತಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಬಂದಿತು. ಕನ್ನಡಕ್ಕೆ ಆ ಪ್ರಶಸ್ತಿಯು ಬರತೊಡಗಿದ್ದು 1955ರಲ್ಲಿ. ಕನ್ನಡದ ಹೆಣ್ಣುಮಗಳೊಬ್ಬಳಿಗೆ ಅದು ಮೊದಲ ಸಲ ಸಿಕ್ಕದ್ದು ಅಂದು. ನಾಲ್ವತ್ತೊಂಬತ್ತು ವರ್ಷಗಳ ಆ ಪಟ್ಟಿಯೂ ಒಂದು ವಂಶಾವಳಿಯೇ.

ಈ ಮಾತನ್ನು ಆಡುವಾಗ ಹಲಸಂಗಿಯನ್ನು ಮರೆಯಲಾಗದು. ಅಂದು ಇಂಡಿ ತಾಲೂಕಿಗೆ ಸೇರಿದ್ದ ಆ ಊರಿನಲ್ಲಿ ಮಧುರಚೆನ್ನರೂ ಅವರ ಗೆಳೆಯರೂ ಬೀಸುವ ಕುಟ್ಟುವ ಹೆಂಗಸರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ಎಂದು ಪ್ರಕಟಿಸಿದರು. ನಸುಕಿನಲ್ಲಿ ಬೀಸುವ ಕಲ್ಲಿನ ಸಪ್ಪಳದ ಮರೆಯಲ್ಲಿ ಹೆಣ್ಣುಮಗಳು ತವರನ್ನೂ ಅತ್ತೆಯನ್ನೂ ಗಂಡನನ್ನೂ ಕುರಿತು ಹೇಳಬೇಕಾದುದನ್ನೆಲ್ಲ ಹೇಳುತ್ತಿದ್ದಳು. ಹಿಟ್ಟಿನ ಗಿರಣಿಯು ಬಂದು ಕೈಗಳಿಗೆ ಬಿಡುವಾಯಿತು, ಒಳ್ಳೆಯದೇ ಆಯಿತು. ಆದರೆ ಆ ಮಾತಿಗೆ ಇದ್ದ ಮರೆಯೂ ಹೋಯಿತು.

ಹೊರಗಿನ ಮೌನವನ್ನು ಕುರಿತೂ ಒಂದು ಸಂಗತಿಯಿದೆ. ಶಶಿ ದೇಶಪಾಂಡೆಯವರು ಹುಟ್ಟಿದ 1938ರಲ್ಲಿಯೇ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಎಂ. ಎಂ. ಕಲಬುರ್ಗಿಯವರು ಹುಟ್ಟಿದರು. 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯಲ್ಲಿ ಆ ವಿದ್ವಾಂಸರು ಗುಂಡಿಗೆ ಬಲಿಯಾದರು. ಸಾಹಿತ್ಯ ಅಕಾಡೆಮಿಯು ತಕ್ಕಷ್ಟು ಗಟ್ಟಿಯಾಗಿ ಮಾತನಾಡಲಿಲ್ಲವೆಂದು ಆಕ್ಷೇಪಿಸಿ ಅದೇ ಅಕ್ಟೋಬರಿನಲ್ಲಿ ಶಶಿ ದೇಶಪಾಂಡೆಯವರು ಅದರ ಸಾಮಾನ್ಯ ಮಂಡಲಿಗೆ ರಾಜೀನಾಮೆಯನ್ನಿತ್ತರು. ಅದಾಗಲೇ ಅವರಿಗೆ ಎಪ್ಪತ್ತೇಳು ವರ್ಷ. ಮನೆಯೊಳಗಿನ ಮೌನವನ್ನು ಇಷ್ಟು ವರ್ಷ ಬರೆದವರಿಗೆ ಸಂಸ್ಥೆಯ ಮೌನವನ್ನು ಗುರುತಿಸುವದು ಕಠಿಣವಾಗಲಿಲ್ಲ.

ಈ ಬರಹಕ್ಕೆ ಪ್ರೇರಣೆಯಾದದ್ದು ಸಿಂದಗಿ ತಾಲೂಕಿನ ಗೃಹಸ್ಥರೊಬ್ಬರ ಕಾಗದ. ಮನೆಯಲ್ಲಿ ಸೊಸೆಯು ಕಾದಂಬರಿಗಳನ್ನು ತರಿಸಿ ಓದುವಳೆಂದೂ, ಓದುವದಾದರೆ ಯಾವುದನ್ನು ಓದತಕ್ಕದ್ದೆಂಬುದನ್ನು ತಿಳಿಸಬೇಕೆಂದೂ ಕೇಳಿರುವರು. ಎಂ. ಕೆ. ಇಂದಿರಾ ಅವರ 'ಫಣಿಯಮ್ಮ' (1976)ದಿಂದ ಆರಂಭಿಸಬಹುದು. ಅದು ಚಿಕ್ಕ ಪುಸ್ತಕ, ನಡೆದ ಬಾಳಿನ ಆಧಾರದ ಮೇಲೆ ಬರೆದದ್ದು. ಚಿಕ್ಕಂದಿನಲ್ಲಿಯೇ ವಿಧವೆಯಾಗಿ, ಕೇಶಮುಂಡನಕ್ಕೆ ತಲೆಯೊಡ್ಡಿ, ನೂರು ವರ್ಷಕ್ಕೂ ಮೇಲ್ಪಟ್ಟು ಬದುಕಿದ ಹೆಂಗಸಿನ ಕಥೆ. ಅದೇ ಮನೆತನದ ಎಳೆಯ ವಿಧವೆಯೊಬ್ಬಳು ತಲೆ ಬೋಳಿಸಿಕೊಳ್ಳಲೊಲ್ಲೆನೆಂದಾಗ, ಮಡಿಯಲ್ಲಿಯೇ ಬಾಳನ್ನು ಸವೆಸಿದ ಈ ಮುದುಕಿಯು ಅವಳ ಪಕ್ಷವನ್ನು ವಹಿಸುವಳು; ಶಾಸ್ತ್ರವನ್ನು ಓದಿದ ಪುರುಷರಿಗೆ ಆಗದ ಕೆಲಸವದು. ಆಮೇಲೆ ತ್ರಿವೇಣಿಯವರ 'ಶರಪಂಜರ'. ಬಾಣಂತಿತನದಲ್ಲಿ ಬುದ್ಧಿಭ್ರಮಣೆಯಾಗಿ ಆಸ್ಪತ್ರೆಯಲ್ಲಿ ಗುಣಹೊಂದಿ ಮರಳಿದ ಕಾವೇರಿಯನ್ನು ಮನೆಯವರು ಹುಚ್ಚಿಯೆಂದೇ ಕಾಣುವ ಕಥೆಯನ್ನು ಬಾಣಂತಿಯರಿರುವ ಮನೆಯವರೆಲ್ಲರೂ ಓದತಕ್ಕದ್ದು, ಗಂಡಸರು ಮೊದಲು. ಮೇಲೆ ಹೇಳಿದ ವೈದ್ಯೆಯ ಕಥೆಯು ಎಳೆಯರಿಗೆ ತಕ್ಕುದಲ್ಲ.

ಓದುವ ರೀತಿಯನ್ನೂ ಕೇಳಿರುವರು. ರಾತ್ರಿ ಊಟವಾದ ಮೇಲೆ ದಿನಕ್ಕೊಂದು ಪ್ರಕರಣದಂತೆ ಗಟ್ಟಿಯಾಗಿ ಓದುವ ಹಳೆಯ ವಾಡಿಕೆಯು ಒಳ್ಳೆಯದು. ಓದುವ ಕೆಲಸವನ್ನು ಸೊಸೆಗೇ ಬಿಡಲಿ. ಮಾವನವರು ನಡುವೆ ಬಾಯಿ ಹಾಕದೆ ಕೇಳಲಿ. ಅನುಮಾನಗಳಿದ್ದರೆ ಪ್ರಕರಣವು ಮುಗಿದ ಮೇಲೆ ಕೇಳಬಹುದು. ಉತ್ತರವನ್ನು ಸೊಸೆಯೇ ಹೇಳುವಳು.